ತೆಗೆಯುವುದೆಷ್ಟು, ಬಿಡುವುದೆಷ್ಟು?

ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ತೂಕ ಬರೀ ಅರ್ಧ ಗ್ರಾಮಿನಷ್ಟು. ಅದರ ನೆತ್ತಿಯ ಮೇಲೆಯೇ ಕಣ್ಣಿನ ನರಗಳು ಹಾಯುತ್ತವೆ. ಅದಕ್ಕೂ ಮೇಲೆ ಹಸಿವು, ಬಾಯಾರಿಕೆ, ನಿದ್ದೆಯನ್ನು ಆಳುವ ಹೈಪೊಥಲಾಮಸ್. ಈ ಇಕ್ಕಟ್ಟಿನಲ್ಲಿ ಬೆಳೆಯುವ ಅಪರೂಪದ ಗಡ್ಡೆ ಕ್ರೇನಿಯೊಫ್ಯಾರಿಂಜಿಯೋಮ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ಕ್ಯಾನ್ಸರ್ ಅಲ್ಲ, ಆದರೂ ಶತಮಾನದಿಂದ ವೈದ್ಯರನ್ನು ಗೋಳುಹೊಯ್ದುಕೊಂಡಿದೆ.

ಭ್ರೂಣದ ಬಾಯಿಯ ಮೇಲ್ಭಾಗದಿಂದ ಎದ್ದ ಮಡಿಕೆಯೊಂದು ಪಿಟ್ಯುಟರಿಯ ಮುಂಭಾಗವಾಗುತ್ತದೆ. 1838ರಲ್ಲಿ ಮಾರ್ಟಿನ್ ರಾಟ್ಕೆ ಈ ಮಡಿಕೆಯನ್ನು ವಿವರಿಸಿದ. ಆ ದಾರಿಯಲ್ಲಿ ಉಳಿದುಹೋದ ಕೋಶಗಳಿಂದ ಈ ಗಡ್ಡೆ ಹುಟ್ಟುತ್ತದೆಂದು 1904ರಲ್ಲಿ ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ ಹೇಳಿದ. ಮಕ್ಕಳ ಗಡ್ಡೆಯಲ್ಲಿ ಹಲ್ಲು ಮೂಡಿಸುವ ಅಂಗಾಂಶದ ಹೋಲಿಕೆ ಇರುವುದೂ, ಸಿ.ಟಿ. ಸ್ಕ್ಯಾನ್‌ನಲ್ಲಿ ಸುಣ್ಣದ ಬಿಳಿ ಚುಕ್ಕೆಗಳು ಕಾಣುವುದೂ ಈ ಬಾಯಿಯ ನಂಟಿನಿಂದಲೇ. ಒಳಗಿನ ಚೀಲದಲ್ಲಿ ಹಳೆಯ ಎಂಜಿನ್ ಆಯಿಲ್‌ನಂಥ ಕಂದು ದ್ರವ, ಅದರಲ್ಲಿ ಮಿನುಗುವ ಕೊಲೆಸ್ಟರಾಲ್ ಹರಳುಗಳು.

ಸುಳಿವುಗಳು ಬಿಡಿಬಿಡಿಯಾಗಿ ಬರುತ್ತವೆ. ಮಗುವಿನ ಎತ್ತರ ನಿಂತುಹೋಗುತ್ತದೆ, ತಲೆನೋವು, ರಾತ್ರಿಯೆಲ್ಲ ನೀರು ಕುಡಿದು ಮೂತ್ರಕ್ಕೆ ಏಳುವುದು. ಎದುರಿಗಿದ್ದದ್ದು ಕಂಡರೂ ಎಡಬಲದ ಅಂಚು ಮಸುಕಾಗಿ ಭುಜ ಬಾಗಿಲಿಗೆ ತಾಗುತ್ತದೆ. 'ನನ್ನ ಮೂಗನ್ನೇ ನೋಡು' ಎಂದು ಹೇಳಿ ವೈದ್ಯರು ಪಕ್ಕದಿಂದ ಬೆರಳು ಆಡಿಸಿದರೆ ಅರ್ಧ ಸಂಗತಿ ಗೊತ್ತಾಗುತ್ತದೆ. ಉಳಿದದ್ದನ್ನು ಹಾರ್ಮೋನ್ ಪರೀಕ್ಷೆಯೂ ಎಂ.ಆರ್.ಐ.ಯೂ ಹೇಳುತ್ತವೆ.

ಮೊದಮೊದಲು ಶಸ್ತ್ರಚಿಕಿತ್ಸೆ ಗೆದ್ದರೂ ಹಾರ್ಮೋನ್ ಕೊರತೆಯಿಂದ ರೋಗಿ ಸಾಯುತ್ತಿದ್ದ. 1950ರ ಸುಮಾರಿಗೆ ಆ ಕೊರತೆ ತುಂಬುವ ಕಾರ್ಟಿಸೋನ್ ಕೈಗೆ ಬಂತು. ಆ ಧೈರ್ಯದಲ್ಲಿ ಬಾಸ್ಟನ್ನಿನ ಡೊನಾಲ್ಡ್ ಮ್ಯಾಟ್ಸನ್ ಗಡ್ಡೆಯನ್ನು ಬೇರುಸಹಿತ ಕೀಳುವ ಪಕ್ಷ ಹಿಡಿದರು. 1961ರಲ್ಲಿ ಸೈಮನ್ ಕ್ರಾಮರ್ ಮತ್ತು ಸಂಗಡಿಗರು, ಸ್ವಲ್ಪ ತೆಗೆದು ಉಳಿದದ್ದಕ್ಕೆ ವಿಕಿರಣ ಕೊಟ್ಟರೆ ಸಾಕೆಂದರು. ಪೂರ್ತಿ ಕೀಳುವ ಭರದಲ್ಲಿ ಹೈಪೊಥಲಾಮಸ್‌ಗೆ ಪೆಟ್ಟಾದರೆ, ಎಷ್ಟು ಉಂಡರೂ ಹಿಂಗದ ಹಸಿವು, ಇಳಿಯದ ಬೊಜ್ಜು ಮಗುವನ್ನು ಕಾಡುತ್ತವೆ. ಹಾಗಾಗಿ ಹೈಪೊಥಲಾಮಸ್‌ಗೆ ಅಂಟಿದ ಭಾಗವನ್ನು ಬಿಟ್ಟುಬಿಡುವ ವಿವೇಕಕ್ಕೆ ಕ್ರಮೇಣ ಬೆಲೆ ಬಂತು. ಮೂಗಿನ ಮೂಲಕ ಎಂಡೋಸ್ಕೋಪ್ ತೂರಿಸುವ ವಿಧಾನ ಬಂದ ಮೇಲೆ ಎಷ್ಟೋ ರೋಗಿಗಳಿಗೆ ತಲೆಬುರುಡೆ ತೆರೆಯುವುದೂ ತಪ್ಪಿತು.

ಈ ಗಡ್ಡೆಯ, ದೊಡ್ಡವರಲ್ಲೇ ಹೆಚ್ಚಾಗಿ ಕಾಣುವ ಪ್ಯಾಪಿಲರಿ ಎಂಬ ಬಗೆಯಲ್ಲಿ ಬಿಆರ್‌ಎಎಫ್ ಎಂಬ ಜೀನ್ ಕೆಟ್ಟಿರುವುದು 2014ರಲ್ಲಿ ತಿಳಿಯಿತು. ಚರ್ಮದ ಕ್ಯಾನ್ಸರಿಗೆಂದು ಬಂದಿದ್ದ ಎರಡು ಮಾತ್ರೆಗಳನ್ನು ಇಂಥ 16 ಮಂದಿಗೆ ಕೊಟ್ಟಾಗ 15 ಮಂದಿಯ ಗಡ್ಡೆ ಗಣನೀಯವಾಗಿ ಕುಗ್ಗಿತೆಂದು 2023ರಲ್ಲಿ ವರದಿಯಾಯಿತು.

ಮಕ್ಕಳ ಬಗೆಯಲ್ಲಿ ಕೆಟ್ಟಿರುವ ಜೀನ್ ಬೇರೆ. ಈ ಮಾತ್ರೆಗಳು ಅದಕ್ಕಲ್ಲ. ಅವರ ಮಟ್ಟಿಗೆ ಶಸ್ತ್ರ, ವಿಕಿರಣ, ಬದುಕಿಡೀ ಹಾರ್ಮೋನ್ ಇವೇ ಗತಿ. ಹಾಗಾಗಿ 'ಪೂರ್ತಿ ತೆಗೆದಿರಾ?' ಎಂದು ಆಮೇಲೆ ಕೇಳುವುದಕ್ಕಿಂತ 'ಏನನ್ನು ಉಳಿಸುತ್ತೀರಿ?' ಎಂದು ಮೊದಲೇ ಕೇಳುವುದು ಲೇಸು.