ಹೇಳಿದ್ದನ್ನು ತಿರುಗಿ ಹೇಳಿ!

ಕೋಲಾರದ ಶತಶೃಂಗ ಬೆಟ್ಟದ ಮೇಲೆ ಮೋಡ ಕವಿದ ದಿನವೂ ದೇವನಹಳ್ಳಿಯಿಂದ ಪೂರ್ವಕ್ಕೆ ಹೊರಟ ವಿಮಾನಗಳು ಹಾರುತ್ತಲೇ ಇರುತ್ತವೆ. ಮೋಡದೊಳಗೆ ವೈಮಾನಿಕರಿಗೆ ನೆಲವೂ ಕಾಣದು, ಎದುರಿನ ವಿಮಾನವೂ ಕಾಣದು. ಉಪಕರಣಗಳೇ ಅವರ ಕಣ್ಣು. ನಿಯಂತ್ರಣ ಕೇಂದ್ರದ ಮಾತೇ ಅವರಿಗೆ ದಾರಿ.

ಹೊರಡುವ ಮುನ್ನವೇ ಆ ದಾರಿಗೆ ಅನುಮತಿ ಪಡೆಯಬೇಕು. ಎಲ್ಲಿಯವರೆಗೆ, ಯಾವ ಮಾರ್ಗದಲ್ಲಿ, ಎಷ್ಟು ಎತ್ತರಕ್ಕೆ, ರೇಡಾರಿಗೆ ಗುರುತು ನೀಡುವ 4 ಅಂಕಿಗಳಾವುವು—ಇವೆಲ್ಲ ಅದರಲ್ಲಿ ಅಡಕ. ರೇಡಿಯೋದಲ್ಲಿ ಬಂದ ಅನುಮತಿಯನ್ನು ವೈಮಾನಿಕರು ಬರೆದುಕೊಂಡು, ಪಾಠ ಒಪ್ಪಿಸುವ ಮಕ್ಕಳಂತೆ ತಿರುಗಿ ಹೇಳಬೇಕು. ‘ತಿಳಿಯಿತು’ ಎಂದರೆ ಸಾಲದು. ನಿಯಂತ್ರಕರು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲಿಯೇ ತಿದ್ದುವರು.

ಆದರೆ ಮಾರ್ಗಕ್ಕೆ ದೊರೆತ ಅನುಮತಿ ಮೇಲೇರಲು ಅನುಮತಿಯಲ್ಲ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫೆ ದ್ವೀಪದಲ್ಲಿ ಡಚ್ ವಿಮಾನವೊಂದು ಮಾರ್ಗದ ಅನುಮತಿಯನ್ನು ತಿರುಗಿ ಹೇಳುತ್ತಲೇ ಮಂಜಿನಲ್ಲಿ ಓಡತೊಡಗಿತು. ‘ಟೇಕಾಫ್‌ನಲ್ಲಿದ್ದೇವೆ’ ಎಂಬ ಕೊನೆಯ ಮಾತು ಕೇಳಿದ ನಿಯಂತ್ರಕರು, ವಿಮಾನವು ಸಿದ್ಧವಾಗಿ ನಿಂತಿದೆಯೆಂದು ತಿಳಿದರು. ಅದೇ ರನ್‌ವೇಯಲ್ಲಿ ಅಮೆರಿಕದ ವಿಮಾನವೊಂದಿತ್ತು. ಡಿಕ್ಕಿಯಲ್ಲಿ 583 ಜನ ಮಡಿದರು.

ಈಗ, ನಿಜವಾಗಿ ಮೇಲೇರಲು ಅನುಮತಿ ನೀಡುವಾಗ ಅಥವಾ ಅದನ್ನು ಹಿಂತೆಗೆಯುವಾಗ ಮಾತ್ರ ‘ಟೇಕಾಫ್’ ಶಬ್ದವನ್ನು ಬಳಸಬೇಕೆಂಬುದು ನಿಯಮ. ಸಂಶಯ ಬಂದರೆ ಮತ್ತೊಮ್ಮೆ ಕೇಳುವುದು ವೈಮಾನಿಕರ ಕರ್ತವ್ಯ.