ಮೊಳೆಗೋಡಿನ ಜಿಂಕೆಯೂ ಬೀಜಕ್ಷೇತ್ರವಿಚಾರವೂ

ಸಂತತಿಯ ಗುಣದೋಷಗಳಿಗೆ ಬೀಜವು ಪ್ರಧಾನವೋ ಕ್ಷೇತ್ರವು ಪ್ರಧಾನವೋ ಎಂಬ ಚರ್ಚೆಯು ಬಹು ಪುರಾತನವಾದುದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಇದರ ವಿಚಾರವಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಇನ್ನೂ ಮುಂದುವರಿದು, ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಕೂಡಿದಲ್ಲಿ ಗರ್ಭವು ಅಂಕುರದಂತೆ ಹುಟ್ಟುವುದೆಂದು ಹೇಳುತ್ತದೆ. ಇದೇ ವಿವಾದವು ಅಮೆರಿಕದ ಟೆಕ್ಸಸ್ ಪ್ರಾಂತದಲ್ಲಿ ಬೇಟೆಗಾರರ ಮತ್ತು ಪ್ರಾಣಿಶಾಸ್ತ್ರಜ್ಞರ ನಡುವೆ ಬೇರೊಂದು ವೇಷದಲ್ಲಿ ದೀರ್ಘಕಾಲದಿಂದ ನಡೆದುಬಂದಿದೆ.

ವಿವಾದದ ವಸ್ತುವು ಆ ದೇಶದ ಬಿಳಿಬಾಲದ ಜಿಂಕೆ. ಇದರ ಗಂಡಿಗೆ ಸುಮಾರು ಒಂದೂವರೆ ವರ್ಷದ ವಯಸ್ಸಿನಲ್ಲಿ ಮೊದಲನೆಯ ಕೋಡು ಕಾಣಿಸುವುದು. ಕೆಲವಕ್ಕೆ ಅದು ಕವಲೊಡೆದಿರುತ್ತದೆ. ಕೆಲವಕ್ಕೆ ಕವಲಿಲ್ಲದೆ ಮೊಳೆಯಂತೆ ನೆಟ್ಟಗಿರುತ್ತದೆ. ಇಂಥ ಮೊಳೆಗೋಡಿನ ಎಳೆಯ ಗಂಡುಗಳನ್ನು ಆರಿಸಿ ಕೊಂದರೆ ಹಿಂಡಿನ ಮುಂದಣ ಪೀಳಿಗೆಗಳು ಹೆಗ್ಗೋಡುಗಳನ್ನು ಪಡೆಯುವುವೆ ಎಂಬುದೇ ಪ್ರಶ್ನೆ. ಶಾಕುಂತಲದ ಎರಡನೆಯ ಅಂಕದ ಸೇನಾಪತಿಯು ಮೃಗಯೆಯನ್ನು ಹೊಗಳುವಾಗ ಬೇಟೆಗಾರನ ದೇಹಕ್ಕಾಗುವ ಲಾಭವನ್ನು ಹೇಳುವನು. ಟೆಕ್ಸಸ್ಸಿನ ವಾದಿಗಳಾದರೋ ಕೊಲ್ಲಲ್ಪಟ್ಟ ಮೃಗದ ಕುಲಕ್ಕೇ ಲಾಭವೆನ್ನುವರು. ಇಂಥ ಪ್ರತಿಜ್ಞೆಗೆ ಹೆಚ್ಚಿನ ಪ್ರಮಾಣವು ಬೇಕಾಗುವುದು ಸಹಜವೇ.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು ಅವಶ್ಯ. ಕನ್ನಡದ ಕೋಡು, ಕೊಂಬು ಎಂಬ ಮಾತುಗಳೂ ಸಂಸ್ಕೃತದ ಶೃಂಗವೂ ಎರಡು ಭಿನ್ನವಸ್ತುಗಳಿಗೆ ಸಮಾನವಾಗಿ ಸಲ್ಲುತ್ತವೆ. ಕೃಷ್ಣಮೃಗದ ಕೋಡು ಎಲುಬಿನ ತಿರುಳಿನ ಮೇಲೆ ಉಗುರಿನಂಥ ಚಿಪ್ಪು ಹೊದೆದು ಬೆಳೆದುದು. ಅದು ಬೀಳದು, ಜೀವಮಾನವೆಲ್ಲ ಇರುವುದು. ಕಡವೆ, ಚುಕ್ಕೆಜಿಂಕೆ, ಬಿಳಿಬಾಲದ ಜಿಂಕೆ ಇವುಗಳ ಕೋಡು ಶುದ್ಧವಾದ ಎಲುಬು. ನೆತ್ತರು ಹರಿಯುವ ಮೃದುಚರ್ಮದೊಳಗೆ ಬೆಳೆದು, ಚರ್ಮವೊಣಗಿ ಸುಲಿದು, ಕೆಲವು ತಿಂಗಳಲ್ಲಿ ಉದುರಿ, ಮತ್ತೆ ಹೊಸದಾಗಿ ಮೂಡುವುದು. ಕಾವ್ಯಪಾಠದಲ್ಲಿ ಈ ಭೇದವು ಮರೆತುಹೋದರೆ ಹೆಚ್ಚು ಹಾನಿಯಿಲ್ಲ. ಪ್ರಕೃತ ವಿಚಾರಕ್ಕೆ ಇದೇ ಮೂಲ. ವರ್ಷವರ್ಷಕ್ಕೂ ಹೊಸತಾಗುವ ಕೋಡು ಹೊಲದ ಬೆಳೆಯಂತೆ. ಆಯಾ ವರ್ಷದ ಮಳೆ ಮೇವುಗಳ ಗುರುತು ಅದರ ಮೇಲೆ ಬೀಳದೆ ಇರದು.

ಬೀಜಪಕ್ಷಕ್ಕೆ ಮುಖ್ಯಾಧಾರವು ಟೆಕ್ಸಸ್ಸಿನ ಕೆರ್ ವನ್ಯಜೀವಿಕ್ಷೇತ್ರದಲ್ಲಿ 1970ರ ದಶಕದಲ್ಲಿ ಆರಂಭವಾದ ಪರೀಕ್ಷೆಗಳು. ಅಲ್ಲಿ ಬೇಲಿಯೊಳಗಣ ಜಿಂಕೆಗಳಲ್ಲಿ ಕೆಲವಕ್ಕೆ ನೂರಕ್ಕೆ 16 ಭಾಗ ಪ್ರೋಟೀನುಳ್ಳ ಆಹಾರವನ್ನೂ ಕೆಲವಕ್ಕೆ 8 ಭಾಗದ್ದನ್ನೂ ಕೊಟ್ಟು ನೋಡಿದರು. ಮೊಳೆಗೋಡಿನವು ದೊಡ್ಡವಾದ ಮೇಲೂ ಸರಾಸರಿಯಲ್ಲಿ ಕವಲುಗೋಡಿನವಕ್ಕಿಂತ ಹಿಂದುಳಿದುವು. ಮೊಳೆಗೋಡಿನ ತಂದೆಗಳ ಮರಿಗಳಲ್ಲಿ ಮೊಳೆಗೋಡು ಹೆಚ್ಚಾಗಿತ್ತು. ಆದರೆ ಅದೇ ಪರೀಕ್ಷೆಯಲ್ಲಿ ಬಡ ಆಹಾರವೂ ಮೊಳೆಗೋಡನ್ನು ಹೆಚ್ಚಿಸಿತೆಂಬುದನ್ನು ಬೀಜವಾದಿಗಳು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಕೆರ್ ಜಿಂಕೆಗಳ ಲೆಕ್ಕದಿಂದ 1994ರಲ್ಲಿ ವಿಲಿಯಮ್ಸ್ ಮೊದಲಾದವರು ಒಂದು ವರ್ಷದ ಕೋಡಿನಲ್ಲಿ ಆನುವಂಶಿಕಾಂಶವು ಗಣನೀಯವೆಂದರು. ಮಿಸಿಸಿಪ್ಪಿಯ ಜಿಂಕೆಗಳ ಲೆಕ್ಕದಿಂದ 1998ರಲ್ಲಿ ಲ್ಯೂಕ್‌ಫಾರ್ ಮತ್ತು ಜೇಕಬ್ಸನ್ ಅದು ಎಳವೆಯಲ್ಲಿ ಅತ್ಯಲ್ಪವೆಂದರು. ದಕ್ಷಿಣ ಟೆಕ್ಸಸ್ಸಿನ ಕಾಡುಜಿಂಕೆಗಳನ್ನು ಹಿಡಿದು ಗುರುತಿಟ್ಟು ಬಿಟ್ಟು ಮತ್ತೆ ಹಿಡಿದು ಅಳೆದ ಕೋರ್ತ್ ಮತ್ತು ಕ್ರೋಲ್ ಎಂಬವರು, ನಾಲ್ಕೂವರೆ ವರ್ಷವಾಗುವ ಹೊತ್ತಿಗೆ ಎರಡು ಗುಂಪುಗಳ ನಡುವೆ ಭೇದವೇ ಉಳಿಯಲಿಲ್ಲವೆಂದು 2008ರಲ್ಲಿ ಪ್ರಕಟಿಸಿದರು.

ಈ ವಾದಪ್ರತಿವಾದಗಳಲ್ಲಿ ಎರಡು ಪ್ರಮೇಯಗಳು ಬೆರೆತುಹೋಗಿವೆ. ಮೊಳೆಗೋಡಿನ ಮರಿಯು ಬೆಳೆದು ದೊಡ್ಡ ಕೋಡನ್ನು ಪಡೆಯುವುದೇ ಎಂಬುದು ಒಂದು. ಅದನ್ನು ಕೊಂದರೆ ಹಿಂಡಿನ ಬೀಜವು ಶುದ್ಧವಾಗುವುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲವೆಂಬ ಉತ್ತರವನ್ನೇ ಒಪ್ಪಿಕೊಂಡರೂ ಎರಡನೆಯದು ಅದರಿಂದ ಸಿದ್ಧಿಸದು.

ಕಾರಣವನ್ನು ಸುಶ್ರುತನ ನಾಲ್ಕು ಮಾತುಗಳಿಂದಲೇ ವಿವರಿಸಬಹುದು. ಋತುವೆಂದರೆ ಹುಟ್ಟಿದ ಕಾಲ: ತಡವಾಗಿ ಹುಟ್ಟಿದ ಮರಿಯು ಮೊದಲನೆಯ ಕೋಡು ಮೂಡುವಾಗ ತನ್ನ ಜೊತೆಯವಕ್ಕಿಂತ ಕಿರಿದು, ದೇಹವಿನ್ನೂ ಬೆಳೆಯುತ್ತಿರುವಾಗ ಕೋಡಿಗೆ ಮಿಕ್ಕುವ ಸಾರವು ಸ್ವಲ್ಪ. ಕ್ಷೇತ್ರವು ತಾಯಿ: ಬಡಕಲು ತಾಯಿಯ ಮರಿಗೆ ಗರ್ಭದಲ್ಲಿಯೂ ಮೊಲೆಹಾಲಿನಲ್ಲಿಯೂ ಕೊರತೆಯಾಗುವುದು. ಅಂಬುವು ಮಳೆ ಮತ್ತು ಮೇವು: ದಕ್ಷಿಣ ಟೆಕ್ಸಸ್ಸಿನಲ್ಲಿ ಬರಗಾಲವು ಅಪರೂಪವಲ್ಲ. ಕೊನೆಯದಾದ ಬೀಜದಲ್ಲಿಯೂ ಅರ್ಧವು ಹೆಣ್ಣಿನಿಂದ ಬರುವುದು. ಹೆಣ್ಣಿಗೆ ಕೋಡಿಲ್ಲ, ಆದುದರಿಂದ ಯಾವ ಬೇಟೆಗಾರನೂ ಅದರ ಬೀಜವನ್ನು ನೋಡಿ ಆರಿಸಲಾರನು. ಅಲ್ಲದೆ ಕಾಡಿನ ಹಿಂಡಿನಲ್ಲಿ ಪಿತೃತ್ವವು ಅನೇಕ ಗಂಡುಗಳಲ್ಲಿ ಹಂಚಿಹೋಗಿ, ಒಂದೊಂದಕ್ಕೆ ಕೆಲವೇ ಮರಿಗಳಾಗುವುವೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿದಿದೆ.

ಸ್ಕಾಟ್ಲೆಂಡಿನ ರಮ್ ದ್ವೀಪದ ಕೆಂಜಿಂಕೆಗಳ ನಿದರ್ಶನವು ಇಲ್ಲಿ ಬಹು ಉಪಯುಕ್ತ. ಅಲ್ಲಿ ಕೋಡಿನ ಗಾತ್ರವು ಆನುವಂಶಿಕವೆಂದೂ ಹೆಗ್ಗೋಡಿನವಕ್ಕೆ ಸಂತಾನವು ಹೆಚ್ಚೆಂದೂ ಕಂಡುಬಂದಿತು. ಆದರೂ ಪೀಳಿಗೆಗಳು ಕಳೆದಂತೆ ಕೋಡು ದೊಡ್ಡದಾಗಲಿಲ್ಲ ಎಂದು ಲೋಸ್ಕೆ ಕ್ರೂಕ್ ಮೊದಲಾದವರು 2002ರಲ್ಲಿ ತೋರಿಸಿದರು. ಚೆನ್ನಾಗಿ ಮೇದ ಮೃಗಕ್ಕೆ ಕೋಡೂ ದೊಡ್ಡದು, ಸಂತಾನವೂ ಹೆಚ್ಚು; ಅವೆರಡಕ್ಕೂ ಕಾರಣವು ಮೇವೆಂದು ಅವರ ಊಹೆ. ಮೃಗವು ತಾನೇ ನಡೆಸಿದ ಆಯ್ಕೆಯಿಂದಲೂ ಆಗದುದು ಕೋವಿಯಿಂದ ಹತ್ತು ವರ್ಷದಲ್ಲಿ ಆದೀತೆಂಬುದು ದುರಾಶೆಯೇ ಸರಿ.

ಕೋವಿಯ ಪರೀಕ್ಷೆಯೂ ಆಗಿದೆ. ದಕ್ಷಿಣ ಟೆಕ್ಸಸ್ಸಿನ ಕೊಮಾಂಚೆ ರಾಂಚಿನಲ್ಲಿ 2006ರಿಂದ ಕೆಲವು ವರ್ಷಗಳವರೆಗೆ ಒಂದು ಭಾಗದಲ್ಲಿ ಕಟ್ಟುನಿಟ್ಟಾಗಿಯೂ ಇನ್ನೊಂದರಲ್ಲಿ ಮಿತವಾಗಿಯೂ ಕಿರುಗೋಡಿನವನ್ನು ಆರಿಸಿ ಕೊಂದು, ಮೂರನೆಯದನ್ನು ಹಾಗೆಯೇ ಬಿಟ್ಟರು. ಕೋಡು ಹಿಗ್ಗಲಿಲ್ಲ. ಕಟ್ಟುನಿಟ್ಟಿನ ಭಾಗದಲ್ಲಿ ಗಂಡುಗಳೇ ವಿರಳವಾದುವು.

ಹೀಗಿದ್ದೂ ಟೆಕ್ಸಸ್ಸಿನಲ್ಲಿ 2002ರಲ್ಲಿ ಆರು ಕೌಂಟಿಗಳಲ್ಲಿ ಆರಂಭವಾಗಿ ಮುಂದೆ ಅನೇಕ ಕೌಂಟಿಗಳಿಗೆ ಹಬ್ಬಿದ ನಿಯಮವು, ಕೋಡುಗಳ ಒಳಹರವು 13 ಅಂಗುಲವಾಗುವವರೆಗೆ ಕವಲುಗೋಡಿನ ಗಂಡನ್ನು ಕಾಪಾಡಿ, ಒಂದಾದರೂ ಕವಲಿಲ್ಲದ ಕೋಡುಳ್ಳದನ್ನು ಬೇಟೆಗೆ ಬಿಟ್ಟುಕೊಡುತ್ತದೆ. ಹಿಂಡು ಕಿಕ್ಕಿರಿದಿರುವಲ್ಲಿ ಇದರಿಂದ ಮೇಯುವ ಬಾಯಿಗಳು ಕಡಮೆಯಾಗಿ ಉಳಿದವಕ್ಕೆ ಮೇವು ಹೆಚ್ಚಬಹುದು. ಆ ಪ್ರಯೋಜನವು ಅಂಬುವಿನದು, ಬೀಜದ್ದಲ್ಲ. ಬಾಯಿಗಳನ್ನು ಕಡಮೆಮಾಡುವುದೇ ಉದ್ದೇಶವಾದರೆ ಹೆಣ್ಣುಗಳನ್ನು ಬೇಟೆಯಾಡುವುದು ಅದಕ್ಕಿಂತ ನೇರವಾದ ದಾರಿ.