ಅರಿಶಿನದ ಎಲೆ ಮದ್ದಾದ ಬಗೆ

ಅರಿಶಿನದ ಎಲೆ ಹಸಿರಾಗಿ ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು. ಮುಂಗಾರಿನ ಹೊತ್ತಿಗೆ ಹೂಳಿದ ಗಡ್ಡೆ ಶ್ರಾವಣದೊಳಗೆ ಬಾಳೆಯ ಮರಿಯಂತೆ ಎಲೆ ಬಿಚ್ಚುತ್ತದೆ. ಪುಷ್ಯ ಬರುವಾಗ ಎಲೆಯೆಲ್ಲ ಹಳದಿಯಾಗಿ ಒರಗುತ್ತದೆ. ಈ ಎಲೆ ಮನೆಮದ್ದಿನ ಸಾಲಿಗೆ ಸೇರಿದ್ದರ ಹಿಂದೆ ಈ ಕಾಲಮಾನವೇ ಇದೆ.

ಆಯುರ್ವೇದದ ಗ್ರಂಥಗಳಲ್ಲಿ ಮನ್ನಣೆ ಮುಖ್ಯವಾಗಿ ಗಡ್ಡೆಗೆ. ಚರಕಸಂಹಿತೆ ಅದನ್ನು ವಿಷ ಮತ್ತು ಚರ್ಮರೋಗ ಕಳೆಯುವ ಮದ್ದುಗಳ ಗುಂಪಿನಲ್ಲಿ ಎಣಿಸುತ್ತದೆ. ಎಲೆಯ ಗುಣ ಕಂಡುಕೊಂಡದ್ದು ಕೊಂಕಣ ಮತ್ತು ಕರಾವಳಿಯ ಅಡುಗೆಮನೆ. ಚಾಮರಾಜನಗರದ ಕಡೆ ಅರಿಶಿನ ಎಕರೆಗಟ್ಟಲೆ ಬೆಳೆಯುತ್ತದೆ. ಅಲ್ಲಿ ಅದು ಪೇಟೆಯ ಬೆಳೆ, ಲೆಕ್ಕವೆಲ್ಲ ಗಡ್ಡೆಯದು. ಕರಾವಳಿಯಲ್ಲಿ ಬಾವಿಕಟ್ಟೆಯ ಬದಿಗೆ ನಾಲ್ಕು ಬುಡ ನೆಡುವುದು ಬಹುಮಟ್ಟಿಗೆ ಎಲೆಗಾಗಿಯೇ.

ಆ ಎಲೆಗೆ ಕೆಲಸ ಹೆಚ್ಚುವುದು ನಾಗರಪಂಚಮಿಗೆ. ತುಳುವರ ‘ಮಂಜಲ್ ಇರೆತ ಗಟ್ಟಿ’, ಕೊಂಕಣಿಗರ ‘ಪಾತೋಳಿ’, ಘಟ್ಟದ ಮೇಲಿನವರ ಅರಿಶಿನದೆಲೆ ಕಡುಬು, ಮೂರೂ ಒಂದೇ ಬಳಗದವು. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಗಟ್ಟಿಯಾಗಿ ರುಬ್ಬಿ ಎಲೆಯ ಮೇಲೆ ತೆಳ್ಳಗೆ ಸವರಬೇಕು. ನಡುವೆ ಕಾಯಿತುರಿ, ಬೆಲ್ಲ, ಏಲಕ್ಕಿಯ ಹೂರಣವಿಟ್ಟು ಎಲೆಯನ್ನು ಉದ್ದಕ್ಕೆ ಮಡಚಿ ಹಬೆಯಲ್ಲಿ ಬೇಯಿಸಬೇಕು. ಗೋವೆಯ ಕ್ಯಾಥೊಲಿಕರು ಇದೇ ತಿಂಡಿಯನ್ನು ಆಗಸ್ಟ್ 15ರ ಮಾತೆ ಮರಿಯಳ ಹಬ್ಬಕ್ಕೆ ಮಾಡುತ್ತಾರೆ. ದೇವರು ಬೇರೆಯಾದರೂ ಎಲೆ ಸಿಗುವ ಕಾಲ ಒಂದೇ ತಾನೆ!

ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುತ್ತದೆ ಎಂಬುದು ಆಯುರ್ವೇದದ ಋತುಚರ್ಯೆಯ ಮಾತು. ಎಣ್ಣೆಯಿಲ್ಲದೆ ಹಬೆಯಲ್ಲಿ ಬೆಂದ ತಿಂಡಿ ಅಂಥ ಹೊಟ್ಟೆಗೆ ಹಗುರ. ಎಲೆಯ ಘಮ ವಾಯು, ಹೊಟ್ಟೆಯುಬ್ಬರ ತಗ್ಗಿಸುತ್ತದೆ ಎಂಬುದು ಮನೆಯವರ ನಂಬಿಕೆ. ತಿನ್ನುವಾಗ ಎಲೆಯನ್ನು ಸುಲಿದು ಎಸೆಯುತ್ತಾರೆ. ಹೊಟ್ಟೆಗೆ ಹೋಗುವುದು ಬಿಸಿಗೆ ಬಿಟ್ಟುಕೊಂಡ ಸುಗಂಧ ತೈಲದ ಅಂಶವಷ್ಟೇ. ಮೀನನ್ನು ಇದೇ ಎಲೆಯಲ್ಲಿ ಸುತ್ತಿ ಬೇಯಿಸುವುದಿದೆ. ಸುಮಾತ್ರಾದ ಪಾದಾಂಗಿನವರಂತೂ ರೆಂದಾಂಗ್ ಎಂಬ ಮಾಂಸದಡುಗೆಗೆ ಎಲೆಯನ್ನೇ ಹಾಕಿ ಕುದಿಸುತ್ತಾರೆ.

ಶೀತ, ಮೂಗು ಕಟ್ಟಿದಾಗ ಎಲೆಯನ್ನು ಹರಿದು ಕುದಿಯುವ ನೀರಿಗೆ ಹಾಕಿ, ತಲೆಗೆ ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದು ಇನ್ನೊಂದು ಬಳಕೆ. ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಅರಿಶಿನದೆಲೆಯ ತೈಲದಲ್ಲೂ ಸ್ವಲ್ಪ ಮಟ್ಟಿಗೆ ಇರುವುದರಿಂದ ಈ ರೂಢಿಯನ್ನು ತಳ್ಳಿಹಾಕುವಂತಿಲ್ಲ. ಬೆಣ್ಣೆ ಕಾಯಿಸುವಾಗ ಕೊನೆಯಲ್ಲಿ ಎಲೆಯ ಚೂರೊಂದನ್ನು ಹಾಕಿದರೆ ತುಪ್ಪ ಬೇಗ ಕಮಟುವುದಿಲ್ಲ ಎನ್ನುತ್ತಾರೆ. ಬೇರೆ ಕಡೆ ಇದೇ ಕೆಲಸಕ್ಕೆ ವೀಳ್ಯದೆಲೆ ಅಥವಾ ನುಗ್ಗೆಸೊಪ್ಪು ಬೀಳುತ್ತದೆ.

ಎಲೆಯ ಬಗ್ಗೆ ಈಗ ಕೇಳಿಬರುವ ಮಾತುಗಳಲ್ಲಿ ಗಡ್ಡೆಯ ಕೀರ್ತಿಯೂ ಬೆರೆತಿದೆ. 1815ರಲ್ಲಿ ಮೊದಲು ಬೇರ್ಪಡಿಸಲಾದ ಕರ್ಕ್ಯುಮಿನ್ ಎಂಬ ಹಳದಿ ಪದಾರ್ಥ ತುಂಬಿರುವುದು ಗಡ್ಡೆಯಲ್ಲಿ. ತೈಲವೂ ಬೇರೆ: ಗಡ್ಡೆಯದರಲ್ಲಿ ಟರ್ಮೆರೋನ್ ಹೆಚ್ಚು, ಎಲೆಯದರಲ್ಲಿ ಸಾಮಾನ್ಯವಾಗಿ ಫೆಲಾಂಡ್ರೀನ್ ಮುಂದು. ಆದ್ದರಿಂದ ಗಾಯ, ಬಾವುಗಳಿಗೆ ಗಡ್ಡೆ ಮಾಡುವ ಕೆಲಸವನ್ನು ಎಲೆಯೂ ಮಾಡುತ್ತದೆ ಎನ್ನುವುದು ಅವಸರದ ಮಾತು. ಜೀರ್ಣಕ್ಕೆ, ಕಟ್ಟಿದ ಮೂಗಿಗೆ ನೆರವಾಗುವ ಘಮದ ಎಲೆ ಎಂದರೆ ಅದಕ್ಕೆ ತಕ್ಕ ಮರ್ಯಾದೆ.

ಆ ಘಮವೂ ಹಸಿ ಎಲೆಯದು. ಒಣಗಿದ ಎಲೆಯಲ್ಲಿ ಅದು ಬಹುಪಾಲು ಹಾರಿಹೋಗಿರುತ್ತದೆ. ಕಡುಬಿಗೆ ಮತ್ತೆ ಮಳೆಗಾಲವನ್ನೇ ಕಾಯಬೇಕು.